ಬಿಚ್ಚುವ ಮೊದಲು ಎಣಿಸಿ: ಹೆಣಿಗೆ ಮತ್ತು ಕ್ರೋಶಾ ದೋಷ ನಿವಾರಣೆ ಕೈಪಿಡಿ

ಹೆಣಿಗೆ ಎಲ್ಲೋ ಕೆಟ್ಟಿದೆ ಅನ್ನಿಸಿದ ಕೂಡಲೇ ಹೆಚ್ಚಿನವರು ದಾರ ಎಳೆದು ಬಿಚ್ಚಿಬಿಡುತ್ತಾರೆ. ಬಿಚ್ಚಿದರೆ ತಪ್ಪಿನ ಗುರುತೂ ಹೋಗುತ್ತದೆ. ಮತ್ತೆ ಹೆಣೆದಾಗ ಅದೇ ಜಾಗದಲ್ಲಿ ಅದೇ ಎಡವಟ್ಟು ಮರಳಿ ಬರುತ್ತದೆ. ತಪ್ಪು ಕಣ್ಣಿಗೆ ಬೀಳುವುದು ಒಂದು ಕಡೆ, ಶುರುವಾಗಿರುವುದು ಇನ್ನೊಂದು ಕಡೆ, ಸಾಮಾನ್ಯವಾಗಿ ಐದಾರು ಸಾಲು ಕೆಳಗೆ. ಹಾಗಾಗಿ ಮೊದಲು ಎಣಿಸಬೇಕು, ಆಮೇಲೆ ಅಳೆಯಬೇಕು. ಬಿಚ್ಚುವುದು ಕಟ್ಟಕಡೆಯ ಕೆಲಸ.

ಪರೀಕ್ಷೆಗೆ ಬೇಕಾದದ್ದು ಸ್ವಲ್ಪವೇ: ಗಟ್ಟಿ ಸ್ಕೇಲು, ಐದಾರು ಸೇಫ್ಟಿ ಪಿನ್ನು, ಬೇರೆ ಬಣ್ಣದ ತೆಳು ಹತ್ತಿ ದಾರ, ಮೊಂಡು ಸೂಜಿ, ಒಂದು ಕ್ರೋಶಾ ಕಡ್ಡಿ, ಬರೆದುಕೊಳ್ಳಲು ಕಾಗದ. ಹಳೆಯ ದರ್ಜಿ ಟೇಪು ಎಳೆದು ಎಳೆದು ಉದ್ದವಾಗಿರುತ್ತದೆ, ಅದನ್ನು ನಂಬಬೇಡಿ. ಹೆಣಿಗೆಯನ್ನು ತೊಡೆಯ ಮೇಲಿಟ್ಟು ಅಳೆಯುವುದೂ ಸರಿಯಲ್ಲ. ಮೇಜಿನ ಮೇಲೆ ಎಳೆಯದೆ ಹಾಸಿ ಅಳೆಯಿರಿ.

ಇಲ್ಲಿ ಕ್ರೋಶಾ ಹೊಲಿಗೆಗಳಿಗೆ ಅಮೆರಿಕದ ಹೆಸರುಗಳನ್ನೇ ಬಳಸಿದೆ. ಯಾಕೆಂದರೆ ಹೆಸರಿನ ಗೊಂದಲವೇ ಒಂದು ದೊಡ್ಡ ದೋಷ. ಅಮೆರಿಕದವರ ಸಿಂಗಲ್ ಕ್ರೋಶಾ (ಗಿಡ್ಡ ಹೊಲಿಗೆ) ಬ್ರಿಟನ್ನಿನವರಿಗೆ ಡಬಲ್ ಕ್ರೋಶಾ. ಅಮೆರಿಕದ ಡಬಲ್ (ಅದರ ಎರಡರಷ್ಟು ಎತ್ತರದ ಹೊಲಿಗೆ) ಬ್ರಿಟನ್ನಿನಲ್ಲಿ ಟ್ರೆಬಲ್. ಚಿತ್ರದಲ್ಲಿ ಗಿಡ್ಡಗಿರುವ ಸಾಲು ನಿಮ್ಮ ಕೈಯಲ್ಲಿ ಎರಡು ಪಟ್ಟು ಎತ್ತರ ಬರುತ್ತಿದ್ದರೆ, ಅಥವಾ ಅದು ತಿರುವುಮುರುವಾಗಿದ್ದರೆ, ದೋಷ ಕೈಯದ್ದಲ್ಲ, ಮಾದರಿಯ (ಹೆಣೆಯುವ ಕ್ರಮ ಬರೆದ ಸೂಚನೆಯ) ಭಾಷೆಯದ್ದು. ಪತ್ತೆ ಹಚ್ಚುವುದು ಸುಲಭ. ಮಾದರಿಯಲ್ಲಿ ‘ಸಿಂಗಲ್ ಕ್ರೋಶಾ’ ಎಂಬ ಮಾತು ಒಂದು ಕಡೆ ಬಂದರೂ ಅದು ಅಮೆರಿಕದ್ದು. ಬಿಗುವಿನ ಲೆಕ್ಕಕ್ಕೆ (ಇಷ್ಟು ಅಳತೆಗೆ ಎಷ್ಟು ಹೊಲಿಗೆ ಎಂಬುದಕ್ಕೆ) ‘ಟೆನ್ಷನ್’ ಎಂದೂ, ಹೊಲಿಗೆ ಬಿಡುವುದಕ್ಕೆ ‘ಮಿಸ್’ ಎಂದೂ ಬರೆದಿದ್ದರೆ ಬ್ರಿಟನ್ನಿನದ್ದು.

ಕ್ರೋಶಾ: ಚೌಕ ಹಾಕಲು ಹೋಗಿ ತ್ರಿಕೋನವಾಯಿತು

ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಎಣಿಸಿ. ನಡುವೆ ಎಷ್ಟು ಸಾಲಿವೆ, ಎಷ್ಟು ಹೊಲಿಗೆ ಕಡಿಮೆಯಾಗಿವೆ ಎಂದು ಬರೆದುಕೊಳ್ಳಿ. ಮೊದಲ ಸಾಲಿನಲ್ಲಿ 30 ಇದ್ದು 11ನೇ ಸಾಲಿನಲ್ಲಿ 20 ಇದ್ದರೆ ಸಾಲಿಗೆ ಒಂದರಂತೆ ಕಳೆದುಹೋಗಿದೆ. ಹೀಗೆ ಒಂದೇ ಲೆಕ್ಕದಲ್ಲಿ ಕಳೆಯುತ್ತಿದ್ದರೆ ಅದು ಅಜಾಗರೂಕತೆಯಲ್ಲ, ನಿಯಮ ತಪ್ಪಾಗಿ ತಿಳಿದಿರುವುದು. ಒಮ್ಮೆ 2, ಆಮೇಲೆ ಏನಿಲ್ಲ, ಮತ್ತೆ 1 ಎಂದು ಹೋಗಿದ್ದರೆ ಮಾತ್ರ ಗಮನ ತಪ್ಪಿದ್ದು. ಅದು ಟಿ.ವಿ. ನೋಡುತ್ತಾ ಹೆಣೆಯುವವರ ಕಾಯಿಲೆ.

ಸಾಲಿಗೆ ಒಂದರಂತೆ ಕಳೆಯುವುದರ ಮೂಲ ಹೆಚ್ಚಾಗಿ ತಿರುವಿನ ಚೈನಿನಲ್ಲಿದೆ, ಅಂದರೆ ಸಾಲು ತಿರುಗಿಸಿದಾಗ ಎತ್ತರಕ್ಕೆಂದು ಹಾಕುವ ಸರಪಳಿ ಕುಣಿಕೆಗಳಲ್ಲಿ. ಡಬಲ್ ಕ್ರೋಶಾದಲ್ಲಿ ಸಾಲಿನ ಶುರುವಿಗೆ ಹಾಕುವ 3 ಚೈನು ಒಂದು ಹೊಲಿಗೆ ಎಂದೇ ಲೆಕ್ಕ. ಆದ್ದರಿಂದ ಅದರ ಬುಡದಲ್ಲಿರುವ ಮೊದಲ ಹೊಲಿಗೆಯನ್ನು ಬಿಟ್ಟು ಎರಡನೆಯದರಿಂದ ಹೆಣೆಯುತ್ತೇವೆ. ಇಲ್ಲಿಯವರೆಗೆ ಎಲ್ಲರೂ ಸರಿ. ಸಾಲಿನ ಕೊನೆಯಲ್ಲಿ ಹಿಂದಿನ ಸಾಲಿನ 3 ಚೈನಿನ ತುದಿಗೆ ಇನ್ನೊಂದು ಹೊಲಿಗೆ ಹಾಕಬೇಕು, ಅಲ್ಲಿ ಜಾರುತ್ತಾರೆ. ಆ ಚೈನು ಬದಿಗೆ ಮಲಗಿಕೊಂಡು ಹೊಲಿಗೆಯಂತೆ ಕಾಣುವುದಿಲ್ಲ. ಪ್ರತಿ ಸಾಲು ತಿರುಗಿಸುವುದರಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಳೆದು ಎರಡೂ ಅಂಚು ಒಳಗೆ ಸರಿಯುತ್ತವೆ.

ಪರಿಹಾರ: 3 ಚೈನು ಹಾಕಿದ ಕೂಡಲೇ ಮೂರನೆಯದಕ್ಕೆ ಸೇಫ್ಟಿ ಪಿನ್ನು ಚುಚ್ಚಿ. ಮುಂದಿನ ಸಾಲಿನ ಕೊನೆಯ ಹೊಲಿಗೆ ಆ ಪಿನ್ನು ಇರುವಲ್ಲಿಗೇ ಬೀಳಬೇಕು. ನಾಲ್ಕು ಸಾಲಿಗೆ ಇಷ್ಟು ಮಾಡಿದರೆ ಕಣ್ಣು ಪಳಗುತ್ತದೆ.

ಹೊಲಿಗೆ ಸಾಲಿಗೆ ಒಂದರಂತೆ ಹೆಚ್ಚುತ್ತಾ ಹೋದರೆ ಕಾರಣ ಇದರ ತದ್ವಿರುದ್ಧ. 3 ಚೈನನ್ನೂ ಲೆಕ್ಕಕ್ಕೆ ಹಿಡಿದು, ಅದರ ಬುಡದ ಹೊಲಿಗೆಗೂ ಹೆಣೆಯುತ್ತಿದ್ದೀರಿ. ಸಂಖ್ಯೆ ಸರಿಯಾಗಿಯೇ ಇದ್ದು ಅಂಚು ಗರಗಸದಂತೆ ಹಲ್ಲುಹಲ್ಲಾಗಿದ್ದರೆ ಎರಡು ತಪ್ಪೂ ಕೂಡಿವೆ: ಶುರುವಿನಲ್ಲಿ ಒಂದು ಹೆಚ್ಚು, ಕೊನೆಯಲ್ಲಿ ಒಂದು ಕಡಿಮೆ. ಬರೀ ಎಣಿಕೆ ನಂಬಿದವರಿಗೆ ಇದು ಸಿಕ್ಕಿಬೀಳುವುದೇ ಇಲ್ಲ.

ಸಿಂಗಲ್ ಕ್ರೋಶಾದ ನಿಯಮ ಬೇರೆ. ಅಲ್ಲಿ ತಿರುವಿನ 1 ಚೈನು ಹೊಲಿಗೆಯಲ್ಲ, ಮೊದಲ ಹೊಲಿಗೆಯಲ್ಲೇ ಹೆಣೆಯಬೇಕು. 30 ಸಿಂಗಲ್ ಬೇಕಾದರೆ 31 ಚೈನು ಹಾಕಿ ಕಡ್ಡಿಯಿಂದ ಎರಡನೆಯದಕ್ಕೆ ಶುರು ಮಾಡಿ. 30 ಡಬಲ್ ಬೇಕಾದರೆ 32 ಚೈನು ಹಾಕಿ ನಾಲ್ಕನೆಯದಕ್ಕೆ. ಡಬಲ್‌ನ ಅಂಚಿನಲ್ಲಿ ತೂತು ಕಾಣುವುದು ಇಷ್ಟವಾಗದಿದ್ದರೆ 2 ಚೈನು ಮಾತ್ರ ಹಾಕಿ ಅದನ್ನು ಲೆಕ್ಕಕ್ಕೆ ಹಿಡಿಯದೆ ಮೊದಲ ಹೊಲಿಗೆಯಲ್ಲೇ ಹೆಣೆಯಬಹುದು. ಯಾವ ನಿಯಮವಾದರೂ ಸರಿಯೇ, ಒಂದೇ ತುಂಡಿನಲ್ಲಿ ಎರಡನ್ನೂ ಕಲಸಬಾರದು.

ಕೆಳಗಿನ ಅಂಚು ಬಿಲ್ಲಿನಂತೆ ಬಾಗಿ, ಐದನೇ ಸಾಲಿಗಿಂತ ಕಿರಿದಾಗಿದ್ದು ಎಣಿಕೆ ಸರಿಯಿದ್ದರೆ ಬುಡದ ಚೈನು ಬಿಗಿಯಾಗಿದೆ. ಚೈನಿಗೆ ಮಾತ್ರ ಅರ್ಧ ಅಥವಾ ಒಂದು ಮಿ.ಮೀ. ದಪ್ಪ ಕಡ್ಡಿ ಹಿಡಿಯಿರಿ. ಬಾಗಿದ್ದನ್ನು ಆಮೇಲೆ ಸುತ್ತಂಚು ಹಾಕಿ ಮುಚ್ಚುತ್ತೇನೆ ಎಂದರೆ ಆಗದು. ಸುತ್ತಂಚೂ ಅದರ ಜೊತೆಗೇ ಬಾಗುತ್ತದೆ.

ವೃತ್ತ ಬಟ್ಟಲಾಯಿತು, ಅಥವಾ ಅಂಚು ಅಲೆಅಲೆಯಾಯಿತು

ದೇವರ ಪೀಠದ ಹಾಸು, ಬಾಗಿಲ ತೋರಣದ ಹೂವು, ಕುಲಾವಿಯ ನೆತ್ತಿ, ಗೊಂಬೆಯ ತಲೆ ಎಲ್ಲಕ್ಕೂ ಬೇಕಾದದ್ದು ಚಪ್ಪಟೆ ವೃತ್ತ. ಅದರ ಲೆಕ್ಕ ಶಾಲೆಯ ಗಣಿತವೇ. ತ್ರಿಜ್ಯ ಒಂದು ಅಳತೆ ಬೆಳೆದರೆ ಸುತ್ತಳತೆ ಸುಮಾರು 6.28 ಅಳತೆ ಬೆಳೆಯಬೇಕು. ಸಿಂಗಲ್ ಕ್ರೋಶಾದ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಪ್ರತಿ ಸುತ್ತಿಗೆ 6 ಹೊಲಿಗೆ ಹೆಚ್ಚಬೇಕು: 6, 12, 18, 24. ಡಬಲ್ ಅದರ ಎರಡರಷ್ಟು ಎತ್ತರ, ಹಾಗಾಗಿ 12, 24, 36. ಹಾಫ್ ಡಬಲ್ ನಡುವಿನದ್ದು, ಸಾಮಾನ್ಯವಾಗಿ 8.

ಅಂಚು ಮೇಲೆದ್ದು ಬಟ್ಟಲಾದರೆ ಹೊಲಿಗೆ ಸಾಲದು. ಸೀರೆಯ ನೆರಿಗೆಯಂತೆ ಅಲೆಯಾದರೆ ಹೆಚ್ಚಾಗಿದೆ. ಎಣಿಸಿ ನೋಡಿ. ಸಂಖ್ಯೆ ಸರಿಯಿದ್ದೂ ಬಟ್ಟಲಾದರೆ ಕೈ ಬಿಗಿ. ಅರ್ಧ ಮಿ.ಮೀ. ದಪ್ಪ ಕಡ್ಡಿ ತೆಗೆದುಕೊಳ್ಳಿ. ಸರಿಯಿದ್ದೂ ಅಲೆಯಾದರೆ ಒಂದು ಸುತ್ತು ಹೆಚ್ಚಿಸದೆ ಹೆಣೆಯಿರಿ, ಹೆಚ್ಚಿನ ಸಲ ಅಷ್ಟಕ್ಕೇ ಕೂರುತ್ತದೆ. ವೃತ್ತವು ಆರು ಮೂಲೆಯ ಜೇನುಗೂಡಿನಂತೆ ಕಂಡರೆ ಹೆಚ್ಚಿಸಿದ ಹೊಲಿಗೆಗಳು ಒಂದರ ಮೇಲೊಂದು ಬಿದ್ದಿವೆ. ಒಂದು ಸುತ್ತಿನಲ್ಲಿ ಅವನ್ನು ಅರ್ಧ ಭಾಗ ಆಚೆ ಸರಿಸಿ ಶುರು ಮಾಡಿ.

ಕುಲಾವಿಯಲ್ಲಿ ಬೇಕಾದದ್ದು ಬಟ್ಟಲೇ, ಆದರೆ ಹೇಳಿದ ಜಾಗದಲ್ಲಿ. ಆಗ ತಾನೇ ಹುಟ್ಟಿದ ಮಗುವಿನ ತಲೆ ಸುತ್ತಳತೆ ಸುಮಾರು 35 ಸೆಂ.ಮೀ. ಟೋಪಿ ತುಸು ಹಿಡಿದಿರಬೇಕಾದ್ದರಿಂದ 33 ಎಂದು ಹಿಡಿಯಿರಿ. ಅದನ್ನು 3.14ರಿಂದ ಭಾಗಿಸಿದರೆ 10.5. ನೆತ್ತಿಯ ವೃತ್ತ 10.5 ಸೆಂ.ಮೀ. ಅಗಲ ಆದ ಕೂಡಲೇ ಹೆಚ್ಚಿಸುವುದನ್ನು ನಿಲ್ಲಿಸಿ ನೇರ ಇಳಿಯಿರಿ. ಮಗು ಬೆಳೆಯುತ್ತದಲ್ಲ ಎಂದು ಎರಡು ಸುತ್ತು ಹೆಚ್ಚು ಹಾಕಿದರೆ ಟೋಪಿ ಕಣ್ಣಿನ ಮೇಲೆ ಬೀಳುತ್ತದೆ. ಅದನ್ನು ಇಳಿಸಲು ದಾರಿಯಿಲ್ಲ, ಬಿಚ್ಚಲೇಬೇಕು.

ಗೊಂಬೆಯ ಹೊಟ್ಟೆಯೊಳಗಿನ ಹತ್ತಿ ಇಣುಕಿದರೆ ಕಡ್ಡಿ ದಪ್ಪ. ಅರ್ಧದಿಂದ ಒಂದು ಮಿ.ಮೀ. ಸಣ್ಣದಕ್ಕೆ ಇಳಿಯಿರಿ. ಹೊಲಿಗೆಗಳು ಕೆಲವು ‘ವಿ’ ಆಕಾರದಲ್ಲೂ ಕೆಲವು ‘ಎಕ್ಸ್’ ಆಕಾರದಲ್ಲೂ ಕಂಡರೆ ದಾರವನ್ನು ಒಮ್ಮೆ ಕಡ್ಡಿಯ ಮೇಲಿಂದ ಸುತ್ತಿ, ಒಮ್ಮೆ ಕೆಳಗಿಂದ ಹಿಡಿದು ಎಳೆದಿದ್ದೀರಿ. ‘ಎಕ್ಸ್’ ಇನ್ನೂ ಬಿಗಿ. ಗೊಂಬೆಗೆ ಅದೇ ಒಳ್ಳೆಯದು ಎನ್ನುವವರು ಇದ್ದಾರೆ, ತಪ್ಪೇನಿಲ್ಲ, ಆದರೆ ತಲೆಯಿಂದ ಕಾಲಿನವರೆಗೆ ಒಂದೇ ಇರಲಿ.

ಸ್ವೆಟರಿನ ಅಳತೆ ತಪ್ಪಿತು

ಇದು ಎರಡು ಕಡ್ಡಿಯ ಹೆಣಿಗೆಯ ಮಾತು. ಇದಕ್ಕೆ ಮೊದಲ ಕಾರಣ ಕಡ್ಡಿಯ ನಂಬರು. ನಮ್ಮ ಅಂಗಡಿಗಳಲ್ಲಿ ಇಂದಿಗೂ ಹಳೆಯ ಬ್ರಿಟಿಷ್ ನಂಬರಿನ ಕಡ್ಡಿಗಳು ಸಿಗುತ್ತವೆ. ಅದರಲ್ಲಿ ನಂಬರು ಹೆಚ್ಚಾದಷ್ಟೂ ಕಡ್ಡಿ ತೆಳು: 12 ಎಂದರೆ 2.75 ಮಿ.ಮೀ., 10 ಎಂದರೆ 3.25, 8 ಎಂದರೆ 4, 6 ಎಂದರೆ 5. ಅಮೆರಿಕದ ನಂಬರು ಇದಕ್ಕೆ ಉಲ್ಟಾ, ಅಲ್ಲಿ 6 ಎಂದರೆ 4 ಮಿ.ಮೀ., 8 ಎಂದರೆ 5, 10 ಎಂದರೆ 6. ಅಮೆರಿಕದ ಮಾದರಿಯಲ್ಲಿ ಬರೆದ 10ನೇ ನಂಬರಿಗೆ ಅಂಗಡಿಯ 10ನೇ ನಂಬರನ್ನು ಹಿಡಿದರೆ ಹೆಚ್ಚುಕಡಿಮೆ ಅರ್ಧ ದಪ್ಪದ ಕಡ್ಡಿಯಲ್ಲಿ ಹೆಣೆದಂತೆ. ನಂಬರು ಮರೆತು ಮಿ.ಮೀ. ಮಾತ್ರ ನೋಡಿ. ಕಡ್ಡಿಯ ಮೇಲಿನ ಅಚ್ಚು ಅಳಿಸಿಹೋಗಿದ್ದರೆ ತೂತುಗಳಿರುವ ಅಳತೆಪಟ್ಟಿ ಒಂದನ್ನು ಇಟ್ಟುಕೊಳ್ಳಿ.

ಎರಡನೆಯದು ‘4 ಪ್ಲೈ’ ಎಂಬ ಮಾತು. ಪ್ಲೈ ಎಂದರೆ ಎಷ್ಟು ಎಳೆ ಹೊಸೆದಿದೆ ಎಂಬುದು, ದಾರ ಎಷ್ಟು ದಪ್ಪ ಎಂಬುದಲ್ಲ. ದಪ್ಪ ನೋಡಲು ದಾರವನ್ನು ಸ್ಕೇಲಿಗೆ ಎಳೆಯದೆ, ಒತ್ತೊತ್ತಾಗಿ ಸುತ್ತಿ ಒಂದು ಅಂಗುಲದಲ್ಲಿ ಎಷ್ಟು ಸುತ್ತು ಕೂರುತ್ತವೆ ಎಣಿಸಿ. ಮಾದರಿಯ ದಾರಕ್ಕೂ ನಿಮ್ಮದಕ್ಕೂ ಎರಡು ಸುತ್ತಿಗಿಂತ ಹೆಚ್ಚು ಅಂತರವಿದ್ದರೆ ಬೇರೆ ದಾರ ನೋಡಿ. ಕ್ರೋಶಾ ಹತ್ತಿ ದಾರದ ನಂಬರೂ ಇದೇ ತರಹದ್ದು: 40ನೇ ನಂಬರು 20ಕ್ಕಿಂತ ತೆಳು.

ಮೂರನೆಯದು, ಎಲ್ಲರಿಗೂ ಗೊತ್ತಿದ್ದು ಯಾರೂ ಮಾಡದ ಕೆಲಸ: ಮಾದರಿ ತುಂಡು, ಅಂದರೆ ಮೊದಲೇ ಹೆಣೆದು ಅಳೆದು ನೋಡುವ ಚೌಕ. 10 ಸೆಂ.ಮೀ.ಗೆ 22 ಕುಣಿಕೆ ಎಂದಿರುವ ಮಾದರಿಯಲ್ಲಿ 90 ಸೆಂ.ಮೀ. ಎದೆಸುತ್ತಿಗೆ 198 ಕುಣಿಕೆ ಬೇಕು. ನಿಮ್ಮ ಕೈಗೆ 20 ಬರುತ್ತಿದ್ದರೆ ಅದೇ 198 ಕುಣಿಕೆ 99 ಸೆಂ.ಮೀ. ಆಗುತ್ತದೆ. 24 ಬರುತ್ತಿದ್ದರೆ 82.5. ಎರಡು ಕುಣಿಕೆಯ ವ್ಯತ್ಯಾಸ ಒಂದು ಸೈಜನ್ನೇ ನುಂಗುತ್ತದೆ. 15 ಸೆಂ.ಮೀ. ಚೌಕ ಹೆಣೆದು, ಸ್ವೆಟರನ್ನು ಹೇಗೆ ಒಗೆಯುತ್ತೀರೋ ಹಾಗೆಯೇ ಒಗೆದು ಒಣಗಿಸಿ, ಅಂಚು ಬಿಟ್ಟು ನಡುವಿನ 10 ಸೆಂ.ಮೀ. ಎಣಿಸಿ. ಅರ್ಧ ಕುಣಿಕೆಯನ್ನೂ ಬಿಡಬೇಡಿ. ಕುಣಿಕೆ ಕಡಿಮೆ ಬಂದರೆ ತೆಳು ಕಡ್ಡಿ, ಹೆಚ್ಚು ಬಂದರೆ ದಪ್ಪ ಕಡ್ಡಿ. ‘ಕೈ ಬಿಗಿ ಮಾಡಿ ಹೆಣೆಯುತ್ತೇನೆ’ ಎಂಬ ನಿರ್ಧಾರ ಮೂರು ಸಾಲಿಗಿಂತ ಹೆಚ್ಚು ಬಾಳುವುದಿಲ್ಲ.

ಮೈ ಅಳತೆ ಸರಿಯಿದ್ದು ಕುತ್ತಿಗೆಯಲ್ಲಿ ತಲೆ ತೂರದಿದ್ದರೆ ಮುಚ್ಚಿದ ಸಾಲು (ಕುಣಿಕೆಗಳನ್ನು ಕಡ್ಡಿಯಿಂದ ಇಳಿಸಿ ಮುಗಿಸಿದ ಕೊನೆಯ ಸಾಲು) ಬಿಗಿ. ಆ ಒಂದೇ ಸಾಲು ಬಿಚ್ಚಿ, ಎರಡು ಅಳತೆ ದಪ್ಪ ಕಡ್ಡಿಯಲ್ಲಿ ಮತ್ತೆ ಮುಚ್ಚಿ. ತೋಳುಗಳು ಉದ್ದ–ಗಿಡ್ಡ ಬಂದರೆ ಟೇಪು ಹಿಡಿಯದೆ ಸಾಲು ಎಣಿಸಿ. ಬರೀ ಸೀದಾ (ನಿಟ್) ಹೊಲಿಗೆಯ ಹೆಣಿಗೆಯಲ್ಲಿ ಒಂದು ದಿಂಡು (ಉಬ್ಬಿದ ಅಡ್ಡ ಗೆರೆ) ಎಂದರೆ ಎರಡು ಸಾಲು ಎಂಬುದು ನೆನಪಿರಲಿ.

ಕಡ್ಡಿ ಹೆಣಿಗೆಯಲ್ಲಿ ಕುಣಿಕೆ ತಾನಾಗಿಯೇ ಹೆಚ್ಚಿತು

20 ಹಾಕಿದ್ದು 27 ಆಗಿದೆ. ಹೆಚ್ಚಿದ ಜಾಗ ಹುಡುಕಿ. ಅಂಚಿನಲ್ಲೇ ಹೆಚ್ಚಿದ್ದರೆ, ಸಾಲು ತಿರುಗಿಸುವಾಗ ದಾರ ಕಡ್ಡಿಯ ಮೇಲಿಂದ ಹಿಂದಕ್ಕೆ ಹೋಗಿದೆ. ಆಗ ಮೊದಲ ಕುಣಿಕೆ ಮೇಲಕ್ಕೆಳೆದು ಅದರ ಎರಡು ಕಾಲೂ ಎರಡು ಕುಣಿಕೆಯಂತೆ ಕಾಣುತ್ತವೆ, ಎರಡನ್ನೂ ಹೆಣೆದುಬಿಡುತ್ತೇವೆ. ಸಾಲು ಶುರುವಿಗೆ ಮೊದಲು ದಾರವನ್ನು ಕೆಳಕ್ಕೆಳೆದು, ಕಡ್ಡಿಯ ಅಡಿಯಿಂದ ಹಿಂದಕ್ಕೆ ಒಯ್ಯಿರಿ.

ನಡುವೆ ಹೆಚ್ಚಿದ್ದು ಅದರ ಕೆಳಗೆ ಸಣ್ಣ ತೂತಿದ್ದರೆ, ಸೀದಾದಿಂದ ಉಲ್ಟಾಕ್ಕೆ (ಪರ್ಲ್) ಹೋಗುವಾಗ ದಾರ ಎರಡು ಕಡ್ಡಿಗಳ ನಡುವೆ ಹೋಗದೆ ಕಡ್ಡಿಯ ಮೇಲಿಂದ ಬಂದಿದೆ. ರಿಬ್ (ಒಂದೇ ಸಾಲಿನಲ್ಲಿ ಸೀದಾ, ಉಲ್ಟಾ ಬದಲಿಸುವ ಹೆಣಿಗೆ) ಹೆಣೆಯುವವರಿಗೆ ಇದು ನಿತ್ಯದ ಕಾಟ. ಮುಂದಿನ ಸಾಲಿನಲ್ಲೇ ಕಂಡರೆ ಆ ಸುಳ್ಳು ಕುಣಿಕೆಯನ್ನು ಕಡ್ಡಿಯಿಂದ ಬೀಳಿಸಿದರೆ ಸಾಕು. ಸಡಿಲ ಅಕ್ಕಪಕ್ಕಕ್ಕೆ ಹಂಚಿಹೋಗುತ್ತದೆ. ತೂತಿಲ್ಲದೆ ಹೆಚ್ಚಿದ್ದರೆ ದಾರದ ಎಳೆ ಸೀಳಿ ಒಂದು ಕುಣಿಕೆ ಎರಡಾಗಿರಬಹುದು. ಮೊನೆ ಚೂಪಾದ ಕಡ್ಡಿ, ಹೊಸೆತ ಸಡಿಲವಾದ ದಾರ ಜೊತೆಯಾದರೆ ಹೀಗೆ.

ಕುಣಿಕೆ ಕಡಿಮೆಯಾಗಿದ್ದರೆ ಎಲ್ಲೋ ಬಿದ್ದಿದೆ. ಏಣಿಯಂತೆ ಅಡ್ಡ ಎಳೆಗಳು ಕಂಡಲ್ಲಿ ಬುಡದ ಕುಣಿಕೆಗೆ ತಕ್ಷಣ ಪಿನ್ನು ಹಾಕಿ. ಸೀದಾ ಮುಖ ನಿಮ್ಮ ಕಡೆಗಿರಲಿ. ಕ್ರೋಶಾ ಕಡ್ಡಿಯನ್ನು ಮುಂದಿನಿಂದ ಕುಣಿಕೆಯೊಳಗೆ ತೂರಿಸಿ, ಹಿಂದಿರುವ ಮೊದಲ ಅಡ್ಡ ಎಳೆಯನ್ನು ಹಿಡಿದು ಹೊರಗೆಳೆಯಿರಿ. ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ. ಒಂದು ಎಳೆ ಬಿಟ್ಟರೂ ಹಿಂದೆ ದಾರ ಜೋತುಬೀಳುತ್ತದೆ. ಬರೀ ಸೀದಾ ಹೊಲಿಗೆಯ ಹೆಣಿಗೆಯಾದರೆ ಒಂದು ಎಳೆ ಮುಂದಿನಿಂದ, ಮುಂದಿನದು ಹಿಂದಿನಿಂದ. ಆದರೆ ಏಣಿಯೇ ಇಲ್ಲದೆ, ಕುಣಿಕೆ ಕೆಳಗೆ ಬಿದ್ದು ಅದರ ಮೇಲೆ ಹತ್ತು ಸಾಲು ಹೆಣೆದಾಗಿದ್ದರೆ ಮೇಲೆತ್ತಲು ದಾರವೇ ಇರುವುದಿಲ್ಲ, ಬಲವಂತ ಮಾಡಿದರೆ ಸುಕ್ಕಾಗುತ್ತದೆ. ಹಿಂದಿನಿಂದ ಅದೇ ಬಣ್ಣದ 10 ಸೆಂ.ಮೀ. ದಾರದಲ್ಲಿ ಕಟ್ಟಿ, ಕುಣಿಕೆ ಸಂಖ್ಯೆಯನ್ನು ಈಗಿನ ಸಾಲಿನಲ್ಲಿ ಒಂದು ಹೆಚ್ಚಿಸಿ ಸರಿ ಮಾಡಿ.

ಮೇಲ್ಮೈ ಓರೆ, ಪಟ್ಟೆ, ಸುರುಳಿ

ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದ ಬಟ್ಟೆ ಬದಿಗಳಲ್ಲಿ ಹಿಂದಕ್ಕೂ, ಮೇಲೆ–ಕೆಳಗೆ ಮುಂದಕ್ಕೂ ಸುರುಳಿ ಸುತ್ತುವುದು ದೋಷವೇ ಅಲ್ಲ, ಅದರ ಸ್ವಭಾವ. ಇಸ್ತ್ರಿ, ನೀರು ಯಾವುದಕ್ಕೂ ಪೂರ್ತಿ ಬಗ್ಗುವುದಿಲ್ಲ. ಬದಿಗೆ 4ರಿಂದ 6 ಕುಣಿಕೆ ಬರೀ ಸೀದಾ, ಬುಡಕ್ಕೆ 5 ಸೆಂ.ಮೀ. ರಿಬ್ ಕೊಟ್ಟು ಶುರು ಮಾಡಬೇಕಿತ್ತು.

ಎಣಿಕೆ ಸರಿಯಿದ್ದೂ ಇಡೀ ತುಂಡು ಒಂದೇ ಕಡೆಗೆ ವಾಲಿದರೆ ದಾರದ ಹೊಸೆತ ನೋಡಿ. ಅರ್ಧ ಮೀಟರು ದಾರ ತೆಗೆದು ಎರಡು ತುದಿ ಹತ್ತಿರ ತನ್ನಿ. ನಡುವೆ ಹಾವಿನಂತೆ ತನ್ನಷ್ಟಕ್ಕೆ ಸುತ್ತಿಕೊಂಡರೆ ಹೊಸೆತ ಹೆಚ್ಚು, ಅದೇ ಬಟ್ಟೆಯನ್ನು ತಿರುಚುತ್ತಿದೆ. ಆ ದಾರವನ್ನು ರಿಬ್‌ಗೋ ಬರೀ ಸೀದಾ ಹೊಲಿಗೆಗೋ ಬಳಸಿ.

ಹಿಂಬದಿಯಲ್ಲಿ ಎರಡೆರಡು ಸಾಲಿಗೊಂದು ಕಾಲುವೆ ಕಂಡರೆ ನಿಮ್ಮ ಉಲ್ಟಾ ಸಾಲು ಸೀದಾ ಸಾಲಿಗಿಂತ ಸಡಿಲ. ಉಲ್ಟಾ ಸಾಲಿಗೆ ಕಾಲು ಅಥವಾ ಅರ್ಧ ಮಿ.ಮೀ. ತೆಳು ಕಡ್ಡಿ ಹಿಡಿಯುವುದು ಒಂದೇ ನಂಬಿಕಸ್ತ ಮದ್ದು. ‘ವಿ’ಗಳ ಬುಡ ಕಾಲು ಅಡ್ಡ ಹಾಕಿದಂತೆ ಕಂಡರೆ ಕುಣಿಕೆ ತಿರುಚಿದೆ. ಕಡ್ಡಿಯ ಮೇಲೆ ಕುಣಿಕೆಯ ಮುಂಗಾಲು ಕಡ್ಡಿಯ ಮುಂದಿರಬೇಕು. ಉಲ್ಟಾದಲ್ಲಿ ದಾರವನ್ನು ತಿರುಗುಮುರುಗು ಸುತ್ತಿದರೆ ಅದು ಹಿಂದೆ ಹೋಗುತ್ತದೆ. ಹಿಂದಿನ ಕಾಲಿನಲ್ಲೇ ಹೆಣೆದರೆ ಸರಿಹೋಗುತ್ತದೆ.

ಬೇರೆ ಉಂಡೆ ಶುರುವಾದಲ್ಲಿ ಬಣ್ಣದ ಗೆರೆ ಕಂಡರೆ ಲೇಬಲ್ಲಿನ ಡೈ ಲಾಟ್ ನಂಬರು (ಒಟ್ಟಿಗೆ ಬಣ್ಣ ಹಾಕಿದ ಕಂತಿನ ನಂಬರು) ಬೇರೆ ಇದೆ. ಅದೇ ಲಾಟ್ ಸಿಗದಿದ್ದರೆ ಎರಡು ಉಂಡೆಯನ್ನೂ ಎರಡೆರಡು ಸಾಲು ಬದಲಿಸುತ್ತಾ ಹೆಣೆಯಿರಿ. ಸಂಜೆಯ ಟ್ಯೂಬ್‌ಲೈಟಿನಲ್ಲಿ ಹೋಲಿಸಬೇಡಿ.

ಸೀರೆಯ ಕ್ರೋಶಾ ಕುಚ್ಚು: ಸೆರಗು ಸುಕ್ಕಾಯಿತು

ಇಲ್ಲಿ ದೋಷವಾದರೆ ದುಬಾರಿ, ಯಾಕೆಂದರೆ ಕೆಳಗಿರುವುದು ರೇಷ್ಮೆ. ಸೆರಗು ನೆರಿಗೆ ಕಟ್ಟಿದರೆ ಎರಡು ಚುಚ್ಚಿನ ನಡುವಿನ ಚೈನು ಆ ಅಂತರಕ್ಕಿಂತ ಗಿಡ್ಡ. ಜೋತುಬಿದ್ದರೆ ಉದ್ದ. ಚೈನನ್ನು ಎಳೆಯದೆ ಸ್ಕೇಲಿನ ಮೇಲಿಟ್ಟು ನೋಡಿ: 1 ಸೆಂ.ಮೀ. ಅಂತರಕ್ಕೆ 1 ಸೆಂ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚು ಇರಬೇಕು. ಸೀರೆಯ ಅಗಲ ಸುಮಾರು 115 ಸೆಂ.ಮೀ. ಮೊದಲೇ ಸೆರಗನ್ನು ಎಂಟು ಭಾಗ ಮಾಡಿ ಪಿನ್ನು ಹಾಕಿ, ಒಂದೊಂದು ಭಾಗ 14 ಸೆಂ.ಮೀ.ಗೆ ತುಸು ಹೆಚ್ಚು. ಮೊದಲ ಭಾಗದಲ್ಲಿ ಬಿದ್ದಷ್ಟೇ ಚುಚ್ಚು ಎಲ್ಲ ಭಾಗದಲ್ಲೂ ಬೀಳಬೇಕು. ಕೊನೆಯಲ್ಲಿ ಅರ್ಧ ಡಿಸೈನು ಉಳಿಯುವುದು ಈ ಎಣಿಕೆ ಮಾಡದವರಿಗೆ. ಹೀಗಾದಲ್ಲಿ ಪೂರ್ತಿ ಬಿಚ್ಚಬೇಡಿ, ಕೊನೆಯ ಎರಡು ಭಾಗ ಮಾತ್ರ ಬಿಚ್ಚಿ ಅಂತರವನ್ನು ತುಸು ಹಿಗ್ಗಿಸಿ ಅಥವಾ ಕುಗ್ಗಿಸಿ.

ಚುಚ್ಚಿದಲ್ಲಿ ಬಟ್ಟೆ ಹರಿಯುತ್ತಿದ್ದರೆ ಸೆರಗಿನ ಅಂಚಿಗೆ ಪೀಕೋ ಆಗಿಲ್ಲ, ಅಥವಾ ಚುಚ್ಚು ಅಂಚಿಗೆ ತೀರಾ ಹತ್ತಿರ. ರೇಷ್ಮೆ ದಾರ ಜಾರುವುದರಿಂದ ಗಂಟು ಬಿಚ್ಚಿಕೊಳ್ಳುತ್ತದೆ, ತುದಿಯನ್ನು ಕಡಿಮೆ ಎಂದರೆ 5 ಸೆಂ.ಮೀ. ಹಿಂದಿನ ಹೊಲಿಗೆಗಳೊಳಗೆ ನುಸುಳಿಸಿ ಕತ್ತರಿಸಿ. ನೇಲ್ ಪಾಲಿಶ್ ಹಚ್ಚುವ ಉಪಾಯ ಬೇಡ, ರೇಷ್ಮೆಯ ಮೇಲೆ ಕಲೆ ಉಳಿಯುತ್ತದೆ. ಮಣಿಗಳು ಮಧ್ಯದಲ್ಲೇ ಮುಗಿದರೆ ದಾರ ಕತ್ತರಿಸದೆ ಬೇರೆ ದಾರಿಯಿಲ್ಲ. ಶುರುವಿಗೇ ಲೆಕ್ಕಕ್ಕಿಂತ ಹತ್ತು ಹೆಚ್ಚು ಪೋಣಿಸಿಕೊಳ್ಳಿ.

ಒಗೆದ ಮೇಲೆ ಬಂದ ದೋಷ

ಮೊದಲು ಅದು ಯಾವ ದಾರ ಎಂದು ತಿಳಿಯಬೇಕು. ಲೇಬಲ್ಲಿಲ್ಲದ ಲಡಿಯಾದರೆ ಬೆರಳುದ್ದ ತುಂಡನ್ನು ಚಿಮಟದಲ್ಲಿ ಹಿಡಿದು ಸಿಂಕಿನ ಮೇಲೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕಾಗದ ಸುಟ್ಟಂತಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್.

ಉಣ್ಣೆ ಕುಗ್ಗಿ ದಪ್ಪಗಾಗಿದ್ದರೆ ಬಿಸಿ ನೀರು, ಸೋಪು, ಉಜ್ಜಾಟ ಮೂರೂ ಸೇರಿ ಎಳೆಗಳ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡಿವೆ. ಅದು ಮರಳುವುದಿಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದಂತೆ ಒಗೆಯುವ ಬಟ್ಟೆ ಇದಲ್ಲ: ತಣ್ಣೀರಲ್ಲಿ ನೆನೆಸಿ, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಹಾಸಿ ಒಣಗಿಸಿ. ಅಕ್ರಿಲಿಕ್ ಹೊಳಪು ಬಂದು ಜೋತು ಬಿದ್ದಿದ್ದರೆ ಇಸ್ತ್ರಿ ತಾಗಿದೆ, ಅದೂ ಮರಳುವುದಿಲ್ಲ. ಹತ್ತಿಯ ಟಾಪು ಉದ್ದವಾಗಿದ್ದರೆ ಹ್ಯಾಂಗರಿಗೆ ತೂಗಿಹಾಕಿದ್ದೇ ಕಾರಣ. ಒದ್ದೆ ಹತ್ತಿ ತನ್ನ ತೂಕಕ್ಕೇ ಇಳಿಯುತ್ತದೆ. ಮತ್ತೆ ನೆನೆಸಿ, ಅಳತೆಗೆ ಹಾಸಿ ಒಣಗಿಸಿದರೆ ಬಹುಪಾಲು ಹಿಂದಕ್ಕೆ ಬರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ದಪ್ಪ ಹತ್ತಿ ಎರಡು ದಿನವಾದರೂ ಒಣಗದೆ ಬೂಸ್ಟು ಹಿಡಿಯುತ್ತದೆ. ಫ್ಯಾನಿನ ಕೆಳಗೆ ಹಾಸಿ ಆರು ಗಂಟೆಗೊಮ್ಮೆ ಮಗುಚಿ.

ಕೆಂಪು ದಾರವನ್ನು ಬಿಳಿಯ ಜೊತೆ ಸೇರಿಸುವ ಮುನ್ನ ಒದ್ದೆ ಬಿಳಿ ಬಟ್ಟೆಯಲ್ಲಿ ಹತ್ತು ನಿಮಿಷ ಒತ್ತಿಟ್ಟು ನೋಡಿ.

ಬಿಚ್ಚಲೇಬೇಕಾದಾಗ

ಕಡ್ಡಿ ಹೆಣಿಗೆಯಲ್ಲಿ ತಪ್ಪಿಗಿಂತ ಒಂದು ಸಾಲು ಕೆಳಗೆ, ಪ್ರತಿ ಕುಣಿಕೆಯ ಬಲಗಾಲಿನಲ್ಲಿ ಮೊಂಡು ಸೂಜಿಯಿಂದ ಹತ್ತಿ ದಾರ ಹಾಯಿಸಿ. ಎಣಿಸಿ. ಸಂಖ್ಯೆ ಸರಿ ಬಂದ ಮೇಲೆ ಮಾತ್ರ ಕಡ್ಡಿ ಕಿತ್ತು ಎಳೆಯಿರಿ, ಹೆಣಿಗೆ ಆ ದಾರದ ಹತ್ತಿರ ತಾನಾಗಿಯೇ ನಿಲ್ಲುತ್ತದೆ. ಕುಣಿಕೆಗಳನ್ನು ಒಂದೆರಡು ಅಳತೆ ತೆಳು ಕಡ್ಡಿಗೆ ಏರಿಸಿಕೊಂಡು, ಮುಂದಿನ ಸಾಲನ್ನು ನಿಜವಾದ ಕಡ್ಡಿಯಲ್ಲಿ ಹೆಣೆಯಿರಿ. ಜಾಲರಿ ಡಿಸೈನಿನಲ್ಲಿ ಈ ದಾರವನ್ನು ಪ್ರತಿ 10 ಸಾಲಿಗೆ ಮೊದಲೇ ಹಾಕುತ್ತಾ ಹೋಗುವುದು ಜಾಣತನ. ಕ್ರೋಶಾದಲ್ಲಿ ಒಂದೇ ಕುಣಿಕೆ ಜೀವಂತ ಇರುವುದರಿಂದ ಇಷ್ಟು ರಗಳೆಯಿಲ್ಲ, ನಿಲ್ಲಿಸಬೇಕಾದ ಹೊಲಿಗೆಗೆ ಪಿನ್ನು ಹಾಕಿ ಎಳೆದರಾಯಿತು. ಇಪ್ಪತ್ತು ಸಾಲು ಕೆಳಗೆ ಒಂದು ಜಡೆ (ಕುಣಿಕೆಗಳನ್ನು ಅದಲುಬದಲು ಮಾಡಿ ಹೆಣೆದ ಡಿಸೈನು) ತಪ್ಪು ಕಡೆಗೆ ತಿರುಗಿದ್ದರೆ ಆ ಆರೆಂಟು ಕುಣಿಕೆ ಮಾತ್ರ ಕೆಳಗಿಳಿಸಿ ಮತ್ತೆ ಹೆಣೆಯಬಹುದು, ಅಕ್ಕಪಕ್ಕದವಕ್ಕೆ ಕೈ ಹಚ್ಚಬೇಕಿಲ್ಲ. ಒಂದು ಕುಣಿಕೆಯ ಬಣ್ಣ ಮಾತ್ರ ತಪ್ಪಿದ್ದರೆ ಸರಿ ಬಣ್ಣದ ದಾರವನ್ನು ಸೂಜಿಯಲ್ಲಿ ಅದೇ ‘ವಿ’ಯ ಮೇಲೆ ಹಾಯಿಸಿ ಮುಚ್ಚಿ.

ಬಿಚ್ಚಿದ ದಾರ ನೂಡಲ್ಸಿನಂತೆ ಸುರುಳಿಯಾಗಿರುತ್ತದೆ. ಹಾಗೆಯೇ ಹೆಣೆದರೆ ಬಿಗು ಬದಲಾಗಿ ಅಳತೆ ಮತ್ತೆ ತಪ್ಪುತ್ತದೆ. ಕುರ್ಚಿಯ ಬೆನ್ನಿಗೆ ಲಡಿ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ 20 ನಿಮಿಷ ಬಿಟ್ಟು, ಭಾರ ಕಟ್ಟದೆ ನೆರಳಲ್ಲಿ ತೂಗುಹಾಕಿ. ಪೂರ್ತಿ ಒಣಗಿದ ಮೇಲೆ ಉಂಡೆ ಸುತ್ತುವಾಗ ಬೆರಳೊಂದನ್ನು ಒಳಗೆ ಸೇರಿಸಿಕೊಂಡು ಸುತ್ತಿ, ಇಲ್ಲದಿದ್ದರೆ ದಾರ ಎಳೆದು ಬಿಗಿಯಾಗುತ್ತದೆ.